ನಲವತ್ತು ಮನೆಗಳ ಕನಸು

ಮೂರನೆಯ ಬೆಳಗೂ ಕನಸಿಲ್ಲದೆಯೇ ಆಯಿತು. ಪ್ಲಾಸಿದಾ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಹಲ್ಲು. ದಿಂಬಿಗೆ ತಾಗಿದ ಕುರ್ಚಿಯ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ ಕೂತ ದೋನ್ ಸಿಪ್ರಿಯಾನೊ ಅವರ ಬಾಯಲ್ಲಿ ಉಳಿದಿದ್ದ ಏಳು ಹಲ್ಲು. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕಣ್ಣಿನ ಗುಳಿಗಳಿಗೆ ತುರುಕಿದ ಹತ್ತಿ, ಗದ್ದದ ಕೆಳಗೆ ನಿನ್ನೆಯ ಬಾಡಿದ ಕೋಕಾ ಎಲೆ. ಅಜ್ಜಿಯ ಕಾಲದಿಂದಲೂ ಈ ಬುರುಡೆಯೇ ಮನೆಗೆ ಹಿರಿಯರು, ಕಾವಲು, ಕಳ್ಳ ಹೊಕ್ಕರೆ ಕೆಮ್ಮಿ ಎಬ್ಬಿಸುವವರು. ಯಾರ ತಲೆಯೋ ಯಾರಿಗೂ ಗೊತ್ತಿಲ್ಲ. ಹಳೆಯ ಸ್ಮಶಾನವನ್ನು ಅಗೆದು ರಸ್ತೆ ಮಾಡಿದಾಗ ಅಜ್ಜಿಯ ಸೆರಗಿಗೆ ಬಂದರು, ತಮ್ಮ ಹೆಸರನ್ನು ತಾವೇ ಕನಸಿನಲ್ಲಿ ಹೇಳಿದರು. ಇಂಥವರನ್ನು ಞಾತಿತಾ ಎನ್ನುತ್ತಾರೆ, ಮೊಂಡುಮೂಗಿನವರು ಅಂತ ಮುದ್ದಿಗೆ. ಅವರು ಮಾತಾಡುವುದು ಕನಸಿನಲ್ಲಿ ಮಾತ್ರ, ಅದೂ ಮನೆಯೊಡತಿಯ ಕನಸಿನಲ್ಲಿ ಮಾತ್ರ. ಶುಕ್ರವಾರದಿಂದ ಪ್ಲಾಸಿದಾ ಪೆಟ್ಟಿಗೆಯನ್ನು ಗೋಡೆಯ ಗೂಡಿನಿಂದ ಇಳಿಸಿ ತಲೆಯ ಹತ್ತಿರವೇ ಇಟ್ಟುಕೊಂಡು ಮಲಗುತ್ತಿದ್ದಳು. ಕೈಮುಗಿದು ಕೇಳಿದ್ದಳು, ಗದರಿಸಿಯೂ ಕೇಳಿದ್ದಳು. ಬಂದದ್ದು ಮಾತ್ರ ಜರಡಿಯಿಂದ ಹಿಟ್ಟು ಉದುರುವಂಥ ಒಂದು ಬೂದು ನಿದ್ದೆ. ಇವತ್ತು ಸೋಮವಾರ, ಸತ್ತವರ ದಿನ. ಸಂಜೆ ಓಣಿಯ ಹೆಂಗಸರೆಲ್ಲ ಮೇಣದಬತ್ತಿ ಹಿಡಿದು ಬರುತ್ತಾರೆ, ಬಂದು ಈ ಕುರ್ಚಿಯ ಸುತ್ತ ಕೂತು ಒಂದೇ ಮಾತು ಕೇಳುತ್ತಾರೆ. ಬರುವ ಭಾನುವಾರ ಕಹಳೆಯವನಿಗೆ ಇರು ಅನ್ನೋಣವೋ, ಹೋಗು ಅನ್ನೋಣವೋ?

ದೇಶದ ಅಧ್ಯಕ್ಷನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಗಾದಿಗೆ ಬರುವ ಮುಂಚೆ ಅವನು ಮದುವೆ, ಜಾತ್ರೆ, ಸಂತರ ಮೆರವಣಿಗೆಗಳಲ್ಲಿ ಕಹಳೆ ಊದುತ್ತಿದ್ದ. ಎರಡೂವರೆ ವರ್ಷದ ಹಿಂದೆ ಎಲ್ ಆಲ್ತೊ ನಗರದ ಈ ಎತ್ತರದ ಮಣ್ಣಿನ ಓಣಿಗಳಿಗೆ ಬ್ಯಾಂಡಿನವರ ಜೊತೆ ನಡೆದೇ ಬಂದಿದ್ದ. ಈಗ ಅವನ ಅವಧಿಯ ಅರ್ಧ ದಾರಿಯಲ್ಲಿ ಮತ ಹಾಕಿಸಿ ಜನರನ್ನು ಕೇಳುತ್ತಿದ್ದಾರೆ, ಇವನು ಬೇಕೋ ಬೇಡವೋ ಅಂತ. ಕೇಳುವುದು ಜನರನ್ನು. ಆದರೆ ಈ ಓಣಿಯ ಜನ ಕೇಳುವುದು ಪ್ಲಾಸಿದಾಳನ್ನು.

ಬಸ್ ನಿಲ್ಲುವ ತಿರುವಿನಲ್ಲಿ ಅವಳ ಅಂಗಡಿ. ಅಂಗಡಿಯೆಂದರೆ ಒಂದು ನೀಲಿ ತಾಡಪಾಲು, ಎರಡು ಬೆಂಚು, ಒಂದು ದೊಡ್ಡ ಪಾತ್ರೆ. ನೇರಳೆ ಜೋಳದ ಗಂಜಿ ಆಪಿ, ಚಕ್ಕೆ ಲವಂಗದ ವಾಸನೆ ಬಿಡುತ್ತ ಗಟ್ಟಿಯಾಗಿ ಕುದಿಯುತ್ತಿತ್ತು. ಬೆಳಗಿನ ಚಳಿಗೆ ಎರಡೂ ಕೈಯಲ್ಲಿ ಲೋಟ ಹಿಡಿದು ನಿಂತವರ ಮುಖಗಳು ಹಬೆಯ ಹಿಂದೆ ಕರಗಿ ಮತ್ತೆ ಮೂಡುತ್ತಿದ್ದವು. ಆಚೆ ಗೋಡೆಯುದ್ದಕ್ಕೂ ಖಾಲಿ ಗ್ಯಾಸ್ ಸಿಲಿಂಡರುಗಳ ಸಾಲು, ಒಂದಕ್ಕೊಂದು ಸರಪಳಿ ಕಟ್ಟಿದ್ದವು. ಗುರುವಾರದಿಂದ ಹಾಗೇ ನಿಂತಿದ್ದವು. ಮನುಷ್ಯರ ಬದಲಿಗೆ ಅವೇ ಸರದಿಯಲ್ಲಿ ನಿಂತು ಕಾಯುತ್ತಿವೆ, ಅವಕ್ಕೂ ಚಳಿಯಾಗುತ್ತಿದೆ ಅಂತ ಪ್ಲಾಸಿದಾಳಿಗೆ ದಿನವೂ ಅನ್ನಿಸುತ್ತಿತ್ತು.

"ನೀರು ತಂದ ಅನ್ನೋದನ್ನ ಮರೀಬೇಡಿ," ಅಂದಳು ದೋಞಾ ಲೆಯಾಂದ್ರಾ, ಓಣಿ ಸಂಘಕ್ಕೆ ಮುಖ್ಯಸ್ಥೆ, ದುಂಡು ಟೋಪಿಯನ್ನು ಹಣೆಯ ಮೇಲೆ ಒಂದು ಬೆರಳಷ್ಟು ಓರೆ ಇಟ್ಟುಕೊಂಡೇ ಹುಟ್ಟಿದವಳಂತೆ ಇದ್ದವಳು. "ನನ್ನ ಬೆನ್ನು ಕೇಳ್ರಿ, ಮೂವತ್ತು ವರ್ಷ ಬಿಂದಿಗೆ ಹೊತ್ತಿದೆ ಅದು."

"ನೀರು ತಂದ, ಗ್ಯಾಸ್ ತಗೊಂಡ್ ಹೋದ," ಅಂದ ಮಿನಿಬಸ್ ಓಡಿಸುವ ವಿಲ್ಬೆರ್. "ಈಗ ಆ ನೀರು ಕಾಯಿಸ್ಕೊಳ್ಳೋದು ಹೆಂಗೆ ದೊಡ್ಡಮ್ಮ, ಊದಿ ಊದಿನಾ?"

"ಊದೋದು ಅವನಿಗೆ ಚೆನ್ನಾಗಿ ಬರುತ್ತೆ ಬಿಡು," ಅಂದ ಇನ್ನೊಬ್ಬ.

ಬೆಂಚಿನ ಮೇಲಿದ್ದವರು ನಕ್ಕರು. ಲೆಯಾಂದ್ರಾ ನಗಲಿಲ್ಲ. "ಅಷ್ಟು ಮಾತಾಡ್ತೀಯಲ್ಲ, ನೀನು ವೋಟು ಹಾಕಿದ್ದು ಯಾರಿಗಪ್ಪ?"

"ನನ್ನ ಯಾಕೆ ಕೇಳ್ತೀರಾ. ನನಗೆ ನನ್ನ ಹೆಂಡ್ತಿ ಹೇಳಿದ್ಲು. ಅವಳಿಗೆ ನೀವು ಹೇಳಿದ್ರಿ. ನಿಮಗೆ ಪ್ಲಾಸಿದಕ್ಕ. ಪ್ಲಾಸಿದಕ್ಕಂಗೆ ಆ ಟೋಪಿಯವರು." ವಿಲ್ಬೆರ್ ಲೋಟದ ತಳವನ್ನು ಬೆರಳಲ್ಲಿ ಒರೆಸಿ ನೆಕ್ಕಿದ. "ಟೋಪಿಯವರಿಗೆ ಯಾರು ಹೇಳಿದ್ರೋ, ಅದೊಂದು ಗೊತ್ತಾಗ್ಬೇಕು."

ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಯಾರೂ ಅವಳತ್ತ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಯಾರಾದರೂ ಒಬ್ಬರು, ಈ ಲೋಟಗಳ ನಡುವೆ, ತಮಾಷೆಗಾದರೂ, ಅಕ್ಕ ನಿಜವಾಗಿ ಕನಸು ಬಿದ್ದಿತ್ತಾ ಅಂತ ಕೇಳಿದ್ದರೆ ಬಾಯಿ ತಾನಾಗಿಯೇ ಇಲ್ಲ ಅಂದುಬಿಡುತ್ತಿತ್ತೇನೋ. ಎರಡೂವರೆ ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅದು ಕೇಳುವಂಥ ಪ್ರಶ್ನೆಯೇ ಆಗಿರಲಿಲ್ಲ. ಸತ್ತವರಿಗೆ ನಾಲಿಗೆಯಿಲ್ಲ, ಅವರು ಸುಳ್ಳು ಹೇಳುವುದು ಯಾವುದರಿಂದ, ಅನ್ನುತ್ತಿದ್ದಳು ಅಜ್ಜಿ, ಒಲೆಯ ಮುಂದೆ ಕೂತು ಚಿಕ್ಕ ಪ್ಲಾಸಿದಾಳ ಜಡೆ ಬಿಚ್ಚುತ್ತ. ಬದುಕಿರುವವರಿಗೆ ನಾಲಿಗೆಯಿದೆ ಎನ್ನುವುದನ್ನು ಅಜ್ಜಿ ಬೇರೆ ಹೇಳಿರಲಿಲ್ಲ.

ಎರಡೂವರೆ ವರ್ಷದ ಹಿಂದೆ, ಚುನಾವಣೆಗೆ ಮುಂಚೆ, ಓಣಿಯ ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ. ಧೂಳು ಏಳುವ ಮಧ್ಯಾಹ್ನ, ಹೆಂಗಸರೆಲ್ಲ ಲಂಗದ ನೆರಿಗೆ ಹರಡಿ ನೆಲದ ಮೇಲೆ ಕೂತು ಒಣ ಆಲೂಗಡ್ಡೆ, ಬೇಯಿಸಿದ ಅವರೆ ಬಟ್ಟೆಯ ಮೇಲೆ ಸುರಿದು ಹಂಚಿಕೊಂಡು ತಿನ್ನುತ್ತಿದ್ದರು. ಓಣಿ ಒಡೆಯಬಾರದು, ನಲವತ್ತು ಮನೆಯೂ ಒಬ್ಬನಿಗೇ ಹಾಕಬೇಕು, ಆಗಲೇ ನೀರು ಬರುವುದು ಎಂದು ಲೆಯಾಂದ್ರಾ ಹೇಳುತ್ತಿದ್ದಳು. ಯಾರಿಗೆ ಎಂಬಲ್ಲಿ ಮಾತು ಸಿಕ್ಕಿಕೊಂಡಿತು. ಆಗ ಯಾರೋ, ಮೇಲಿನ ಬೀದಿಯ ಫಾಕುಂದಾಳ ಮನೆಗೆ ಹೋಗಿ ಕೇಳೋಣ ಅಂದರು. ಫಾಕುಂದಾಳ ಮನೆಯ ಬುರುಡೆ ಕಪ್ಪು ಕನ್ನಡಕ ಹಾಕಿಕೊಂಡದ್ದು. ಕಳೆದುಹೋದ ಓಲೆ ಎಲ್ಲಿದೆ ಅಂತ ಹೇಳುತ್ತಿತ್ತು, ಟಿವಿ ಕದ್ದವನ ಹೆಸರು ಹೇಳಿತ್ತು. ಲೆಯಾಂದ್ರಾ ಪ್ಲಾಸಿದಾಳ ಕಡೆ ತಿರುಗಿ ತೀರ ಮೆತ್ತಗೆ, ಕಾಯಿಲೆಯವರ ಯೋಗಕ್ಷೇಮ ಕೇಳುವ ದನಿಯಲ್ಲಿ, "ನಿಮ್ಮ ಮನೆಯವರು ಬಾಯಿ ಬಿಡೋದೇ ನಿಲ್ಲಿಸಿದ್ರು ಅಲ್ವಾ, ನಿಮ್ಮ ಅಜ್ಜಿ ಹೋದ ಮೇಲೆ?" ಅಂದಳು. ಅಷ್ಟೇ. ಹೆಂಗಸರು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. ಅವರು ನೋಡಿದ್ದು ದೋನ್ ಸಿಪ್ರಿಯಾನೊ ಅವರನ್ನಲ್ಲ, ಅಜ್ಜಿಯ ಗೂಡಿಗೆ ತಕ್ಕವಳಾಗದ ಮೊಮ್ಮಗಳನ್ನು. ಕಿವಿಯ ತುದಿಯವರೆಗೆ ಬಿಸಿ ಏರಿತು. "ಮೊನ್ನೆ ಬಂದಿದ್ರು," ಎಂಬ ಮಾತು ಕೇಳಿಸಿತು ಅವಳಿಗೆ, ಬೇರೆ ಯಾರೋ ಆಡಿದ ಹಾಗೆ. "ಬಂದು ಟೋಪಿ ತೆಗೆದ್ರು. ತೆಗೆದು ಕಹಳೆಯವನ ತಲೆ ಮೇಲಿಟ್ರು." ಅಂಗಳದಲ್ಲಿ ಅಗಿಯುವ ಸದ್ದು ನಿಂತಿತು. ಸುಳ್ಳು ಇಷ್ಟು ಚಂದವಾಗಿ ಬರುತ್ತದೆ, ಅದಕ್ಕೆ ಉಣ್ಣೆಯ ಟೋಪಿಯೂ ಅದರ ಕಿವಿಯ ಕುಚ್ಚೂ ಇರುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬೆಳಗಿನ ಗಿರಾಕಿಗಳು ಕರಗಿದ ಮೇಲೆ ಅಂಗಡಿಗೆ ಪಕ್ಕದ ಮನೆಯ ಹುಸ್ತಾ ಬಂದಳು. ಪ್ರತಿ ಸೋಮವಾರದಂತೆ ಕಪ್ಪು ಶಾಲಿನೊಳಗಿಂದ ಒಂದು ಸಿಗರೇಟು ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟಳು, ದೋನ್ ಸಿಪ್ರಿಯಾನೊ ಅವರಿಗೆ. ಪ್ಲಾಸಿದಾಳ ಮಗಳನ್ನು ಚರ್ಚಿನಲ್ಲಿ ಎತ್ತಿ ಹಿಡಿದು ಧರ್ಮತಾಯಿಯಾದವಳು ಹುಸ್ತಾ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆದುಕೊಳ್ಳುವುದು. ಅವಳ ಗಂಡ ಎವಾರಿಸ್ತೊ ಬ್ಯಾಂಡಿನವರ ಸಮವಸ್ತ್ರ ಹೊಲಿಯುವ ದರ್ಜಿ. ಆಗಸ್ಟಿನ ಚಳಿಯಲ್ಲಿ ತೀರಿಕೊಂಡ. ಸಕ್ಕರೆ ಕಾಯಿಲೆ, ದಿನಕ್ಕೆರಡು ಸೂಜಿ. ಡಾಲರ್ ಇಲ್ಲ, ಇನ್ಸುಲಿನ್ ಇಲ್ಲ ಅಂದರು ಔಷಧಿ ಅಂಗಡಿಯವರು. ಬರುತ್ತಿದೆ, ಬರುತ್ತಿದೆ ಅಂದ ರೇಡಿಯೊದಲ್ಲಿ ಕಹಳೆಯವನು. ಹುಸ್ತಾ ತಂಪಿನ ಡಬ್ಬಿಯೊಂದನ್ನು ಕೊರಳಿಗೆ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆದಳು. ಡಬ್ಬಿ ಖಾಲಿಯಾಗೇ ಉಳಿಯಿತು. ಮೊದಲು ಅವನ ಕಾಲು ಹೋಯಿತು.

"ಏನಾದ್ರೂ ಅಂದ್ರಾ ಕೊಮಾದ್ರೆ?" ಎಂದು ಕೇಳಿದಳು, ಲೋಟವನ್ನು ಮುಟ್ಟದೆ.

"ಇನ್ನೂ ಇಲ್ಲ."

"ಅನ್ತಾರೆ. ಅವರಿಗೇನು ಅವಸರ." ಹುಸ್ತಾ ರಸ್ತೆಯ ಆಚೆ ನೋಡುತ್ತಿದ್ದಳು. "ಯಜಮಾನ್ರು ನನ್ನ ಕನಸಿಗೆ ಬರೋದೇ ಇಲ್ಲ ನೋಡು. ಒಂದ್ಸಲಾನೂ ಇಲ್ಲ. ಕೋಪ ಇರ್ಬೇಕು. ಆ ಕಹಳೆಯವನಿಗೆ ಹಾಕಲ್ಲ, ಹಾಕಲ್ಲ ಅಂತಿದ್ರು. ನಾನೇ ಎರಡು ದಿನ ಮಾತು ಬಿಟ್ಟು ಹಾಕ್ಸಿದ್ದು."

ಪ್ಲಾಸಿದಾಳಿಗೆ ನೆನಪಿತ್ತು. ಈ ಬೆಂಚಿನ ಮೇಲೆಯೇ ಕೂತು, ತನಗೆಂದು ಸಕ್ಕರೆ ಹಾಕದೆ ಬೇರೆ ಇಟ್ಟ ಆಪಿಯನ್ನು ಊದಿಕೊಂಡು ಕುಡಿಯುತ್ತ ಎವಾರಿಸ್ತೊ ಹೇಳಿದ್ದ: "ಅವನ ಅಳತೆ ತಗೊಂಡಿರೋನು ನಾನು, ತಿಳೀತಾ. ಟೇಪು ಸುತ್ತಿದ ಕೂಡ್ಲೇ ಹೊಟ್ಟೆ ಒಳಗೆಳ್ಕೊಳ್ತಾನೆ. ಅಂಥೋನ ಬಟ್ಟೆ ಯಾವತ್ತೂ ಬಿಗಿನೇ ಆಗೋದು, ಬೈಯೋದು ದರ್ಜಿಗೆ." ಎಲ್ಲರೂ ನಕ್ಕಿದ್ದರು. ಆಮೇಲೆ ಹೆಂಡತಿಯ ಮುಖ ನೋಡಿ ಸೋತು, ಪ್ಲಾಸಿದಾಳ ಮನೆಗೇ ಬಂದು ಪೆಟ್ಟಿಗೆಯ ಮುಂದೆ ಬಾಗಿ, "ತಾವು ಹೇಳಿದ ಮೇಲೆ ಮುಗೀತು ಸ್ವಾಮಿ, ನಂದೂ ಅವನಿಗೇ," ಅಂದಿದ್ದ. ಅರ್ಧ ತಮಾಷೆ, ಅರ್ಧ ನಿಜ. ಬಾಗಿದಾಗ ಅವನ ಕಿವಿಯ ಮೇಲೆ ಸಿಕ್ಕಿಸಿದ ಸೀಮೆಸುಣ್ಣದ ತುಂಡು ಕೆಳಗೆ ಬಿತ್ತು. ಪ್ಲಾಸಿದಾ ಎತ್ತಿಕೊಟ್ಟಳು. ಆಗ ಹೇಳಬಹುದಿತ್ತು. ಸೀಮೆಸುಣ್ಣ ಕೈಯಿಂದ ಕೈಗೆ ಹೋಗುವ ಅಷ್ಟು ಹೊತ್ತು ಇತ್ತು.

"ಆದ್ರೆ ನಾನು ಏನಂದ್ಕೊಳ್ತೀನಿ ಗೊತ್ತಾ," ಹುಸ್ತಾ ದನಿ ತಗ್ಗಿಸಿದಳು. "ಸಿಪ್ರಿಯಾನೊ ಅವರು ಟೋಪಿ ತೆಗೆದು ಅವನ ತಲೆಗಿಟ್ರು ಅಂದ್ರೆ ಸುಮ್ಮನೆ ಅಲ್ಲ. ನಮಗೆ ಕಾಣದ್ದು ಏನೋ ಅವರಿಗೆ ಕಂಡಿದೆ. ಮುಂದೆ ಏನೋ ಒಳ್ಳೇದಿದೆ. ಆ ಒಳ್ಳೇದಕ್ಕೆ ನಮ್ಮ ಯಜಮಾನ್ರೂ ಲೆಕ್ಕಕ್ಕೆ ಸೇರ್ಕೊಂಡ್ರು. ಅದೊಂದು ಇಲ್ದಿದ್ರೆ, ಅವರು ಹೋಗಿದ್ದಕ್ಕೆ ಏನರ್ಥ ಹೇಳು." ಅವಳು ಎದ್ದು ಶಾಲು ಸರಿಮಾಡಿಕೊಂಡಳು. "ಸಂಜೆ ಬರ್ತೀನಿ. ಅವರು ಏನಂದ್ರೂ ಸರಿ, ನಾನು ಹಂಗೇ ಮಾಡ್ತೀನಿ."

ಅವಳು ಓಣಿ ಹತ್ತಿ ಹೋಗುವುದನ್ನು ನೋಡುತ್ತ ಪ್ಲಾಸಿದಾ ಪಾತ್ರೆಯ ತಳ ಕೆರೆಯುತ್ತಲೇ ಇದ್ದಳು. ನೇರಳೆ ಬಣ್ಣ ಉಗುರಿನ ಸಂದಿಗೆ ಇಳಿದಿತ್ತು. ಮನೆಗೆ ಬಂದು ಅಂಗಳದ ನಲ್ಲಿ ತಿರುಗಿಸಿದರೆ ನೀರು ಬಂತು, ಎಲುಬು ಕೊರೆಯುವ ತಣ್ಣನೆಯ ನೀರು, ಆದರೂ ನೀರು. ಈ ನಲ್ಲಿ ಉದ್ಘಾಟನೆಗೆ ಕಹಳೆಯವನೇ ಬಂದಿದ್ದ. ತಿರುಗಿಸಿದ್ದೇ ಅಂಗಿಯ ತೋಳು ಪೂರ್ತಿ ನೆನೆಯಿತು, ಹುಡುಗನ ಹಾಗೆ ನಕ್ಕ. ಅವತ್ತು ಪ್ಲಾಸಿದಾ ಅತ್ತುಬಿಟ್ಟಿದ್ದಳು. ಪಕ್ಕದಲ್ಲಿ ನಿಂತವರು ಅದನ್ನು ನೀರಿನ ಸಂತೋಷ ಅಂದುಕೊಂಡರು. ಅವಳಿಗೆ ಮಾತ್ರ ಗೊತ್ತಿತ್ತು, ಅದು ಬದುಕಿಕೊಂಡವಳ ಅಳು: ಇವನು ಒಳ್ಳೆಯವನೇ, ಹಾಗಾದರೆ ನನ್ನ ಸುಳ್ಳು ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ. ಆಮೇಲಿನಿಂದ ಅವಳು ರೇಡಿಯೊ ಕೇಳಿದ್ದು ಪರೀಕ್ಷೆಗೆ ಕೂತ ಮಗನ ತಾಯಿಯ ಹಾಗೆ. ಅವನು ತಡವರಿಸಿದರೆ ಮುಂದಿನ ಮಾತನ್ನು ಅವಳೇ ಗೊಣಗುತ್ತಿದ್ದಳು. ಮುದುಕರ ಪಿಂಚಣಿ ಏರಿಸಿದಾಗ ಇಡೀ ದಿನ ಹಗುರಾಗಿ ಓಡಾಡಿದಳು. ಗ್ಯಾಸಿನ ಸಾಲು ಬೆಳೆದಾಗ, ಅದು ಅವನ ತಪ್ಪಲ್ಲ, ಗಡಿಯಲ್ಲಿ ಕಳ್ಳಸಾಗಣೆ ಮಾಡುವವರದು ಅಂತ ಅಂಗಡಿಯಲ್ಲಿ ಅವನ ಪರವಾಗಿ ಜಗಳ ಆಡಿದಳು. ಅವನ ಮಂತ್ರಿಗಳು ಸಿಕ್ಕಿಬಿದ್ದಾಗ ಪಾಪ ಅವನಿಗೆ ಗೊತ್ತಿರಲಿಕ್ಕಿಲ್ಲ ಅಂದಳು. ಓಣಿಯಲ್ಲಿ ಅವನನ್ನು ಅವಳಷ್ಟು ನಂಬಿದವರು ಯಾರೂ ಇಲ್ಲ ಅಂತ ಜನ ಹೇಳುತ್ತಿದ್ದರು. ನಂಬಿಕೆ ಎಲ್ಲಿತ್ತು? ಅವನು ಚೆನ್ನಾಗಿ ಆಳಿದ್ದಾನೋ ಇಲ್ಲವೋ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ, ಚೆನ್ನಾಗಿ ಆಳಲಿ ಎಂದು ಬೇಡಿಕೊಂಡಿದ್ದಳು ಅಷ್ಟೇ. ಆಗಸ್ಟಿನಲ್ಲಿ ಎವಾರಿಸ್ತೊನ ಶವಪೆಟ್ಟಿಗೆ ಓಣಿಯಿಂದ ಇಳಿಯುವಾಗ ಮಾತ್ರ, ಅವನೇ ಹೊಲಿದ ಕೆಂಪು ಕೋಟು ತೊಟ್ಟು ಬ್ಯಾಂಡಿನವರು ಮುಂದೆ ನಡೆಯುತ್ತಿದ್ದಾಗ, ಬೇಡುವ ಬಾಯಿ ಕಟ್ಟಿಹೋಯಿತು.

ಅಜ್ಜಿ ಹೇಳುತ್ತಿದ್ದ ಕತೆಯೊಂದಿತ್ತು. ಬೆಟ್ಟದ ಮೇಲಿನ ಒಬ್ಬಳು ಹೆಂಗಸಿಗೆ ದನಿ ಸಣ್ಣದು, ಎಷ್ಟು ಕೂಗಿದರೂ ಅವಳ ಲಾಮಾಗಳು ಮಂಜಿನೊಳಗಿಂದ ಬರುತ್ತಿರಲಿಲ್ಲ. ಒಂದು ದಿನ ಅವಳು ಸತ್ತ ಮಾವನ ಗೋರಿಗೆ ಹೋಗಿ, ಒಂದೇ ಒಂದು ಸಂಜೆಗೆ ನಿನ್ನ ದನಿ ಕೊಡು ಅಂದಳು. ಅವನು ಕೊಟ್ಟನೋ ಇಲ್ಲವೋ ಕಾಯಲಿಲ್ಲ, ಎತ್ತಿಕೊಂಡೇ ಬಂದಳು. ಆ ದನಿಯಲ್ಲಿ ಕೂಗಿದಳು. ಲಾಮಾಗಳು ಬಂದವು, ನೆರೆಯವರ ಲಾಮಾಗಳೂ ಬಂದವು, ಬೆಟ್ಟದ ಕಲ್ಲುಗಳು ಕೂಡ ಎರಡು ಹೆಜ್ಜೆ ಈಚೆ ಸರಿದವು. ಮರುದಿನ ತನ್ನ ದನಿಯಲ್ಲಿ ಮಗುವನ್ನು ಕರೆದರೆ ಮಗು ತಿರುಗಿ ನೋಡಲಿಲ್ಲ. ಆಮೇಲೆ? ಎಂದು ಕೇಳುತ್ತಿದ್ದಳು ಚಿಕ್ಕ ಪ್ಲಾಸಿದಾ. ಆಮೇಲೇನು, ಅನ್ನುತ್ತಿದ್ದಳು ಅಜ್ಜಿ, ಮಲಗು.

ಸಂಜೆಗೆ ಅವಳ ಹತ್ತಿರ ಒಂದು ಉತ್ತರ ಸಿದ್ಧವಾಗಿತ್ತು. ಮೇಣದಬತ್ತಿ ನಿಲ್ಲಿಸಲು ತಟ್ಟೆ ತೊಳೆಯುತ್ತಿದ್ದಾಗ ಅದು ತಾನಾಗಿ ಬಂತು. ದೋನ್ ಸಿಪ್ರಿಯಾನೊ ಬಂದರು, ಕಹಳೆಯವನ ತಲೆಯಿಂದ ಟೋಪಿ ವಾಪಸ್ ತೆಗೆದುಕೊಂಡರು. ಎಷ್ಟು ಸುಲಭ. ಮೊದಲನೆಯದೂ ನಿಲ್ಲುತ್ತದೆ, ಎರಡನೆಯದೂ ನಿಲ್ಲುತ್ತದೆ. ಅವತ್ತು ಅವನು ಒಳ್ಳೆಯವನಿದ್ದ, ಇವತ್ತು ಕೆಟ್ಟ. ಯಾರ ತಪ್ಪೂ ಇಲ್ಲ. ಹೆಂಗಸರು ಬಂದು ಗೋಡೆಗೊರಗಿ ಕೂತರು, ಹನ್ನೊಂದು ಜನ. ಕೋಣೆಯಲ್ಲಿ ಉಣ್ಣೆಯ, ಮೇಣದ, ಚಳಿಗೆ ಒಡೆದ ಕೈಗಳಿಗೆ ಸವರಿದ ಕೊಬ್ಬಿನ ವಾಸನೆ ತುಂಬಿತು. ಹುಸ್ತಾ ಬಾಗಿಲ ಹತ್ತಿರ ಕೂತಳು. ಲೆಯಾಂದ್ರಾ ಒಂದು ಸಿಗರೇಟು ಹೊತ್ತಿಸಿ ದೋನ್ ಸಿಪ್ರಿಯಾನೊ ಅವರ ಏಳು ಹಲ್ಲಿನ ನಡುವೆ ಸಿಕ್ಕಿಸಿದಳು. ಹೊಗೆ ಹತ್ತಿಯ ಕಣ್ಣುಗಳನ್ನು ಬಳಸಿ ಮೇಲಕ್ಕೆ ಹೋಯಿತು.

"ಸೇದ್ತಾ ಇದಾರೆ ನೋಡು. ಮನಸ್ಸು ಚೆನ್ನಾಗಿದೆ ಇವತ್ತು," ಅಂದಳು ಒಬ್ಬಳು.

"ಹೇಳಮ್ಮ ಪ್ಲಾಸಿದಾ," ಅಂದಳು ಲೆಯಾಂದ್ರಾ. "ನನಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ ಕಣೆ. ಒಂದು ಕಡೆ ನೀರು, ಒಂದು ಕಡೆ ಇದೆಲ್ಲ. ರಾತ್ರಿ ಒಂದು ತೀರ್ಮಾನ ಮಾಡ್ತೀನಿ, ಬೆಳಿಗ್ಗೆ ಇನ್ನೊಂದು. ನಮ್ಮ ಕೈಲಿ ಆಗಲ್ಲ ಇದು."

ಪ್ಲಾಸಿದಾ ಬಾಯಿ ತೆರೆದಳು. ಟೋಪಿ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಬಾಗಿಲ ಹತ್ತಿರ ಹುಸ್ತಾ ಕೈ ಜೋಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಆಸ್ಪತ್ರೆಯ ಬೆಂಚಿನ ಮೇಲೆ ಹೆಸರು ಕರೆಯುವುದನ್ನು ಕಾಯುವವರ ಹಾಗೆ. ಟೋಪಿ ವಾಪಸ್ ತೆಗೆದುಕೊಂಡರು ಅಂದರೆ ಇವಳ ಗಂಡ ಏನಾದ? ನಡುವೆ ಎರಡೂವರೆ ವರ್ಷ ಟೋಪಿ ಅಲ್ಲಿತ್ತಲ್ಲ, ಆ ಅವಧಿಯಲ್ಲಿ ಸತ್ತವನ ಹೊಣೆ ಯಾರ ತಲೆಗೆ?

"ಅವತ್ತು ನನಗೆ ಕನಸು ಬಿದ್ದಿರಲಿಲ್ಲ," ಅಂದಳು.

ಬುರುಡೆಯ ಕಡೆ ಕೈ ತೋರಿಸಿದಳು.

"ಅವರು ಬಂದಿರಲಿಲ್ಲ. ಟೋಪಿ ತೆಗೆದಿರಲಿಲ್ಲ. ನಾನೇ ಹೇಳಿದ್ದು. ಅಜ್ಜಿ ಹೋದ ಮೇಲೆ ಅವರು ಒಂದ್ಸಲಾನೂ ನನ್ನ ಹತ್ರ ಮಾತಾಡಿಲ್ಲ."

ಲೆಯಾಂದ್ರಾ ತನ್ನ ದುಂಡು ಟೋಪಿಯನ್ನು ನಿಧಾನವಾಗಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸುತ್ತ ನೋಡಿದಳು. "ಕೇಳಿದ್ರಾ," ಅಂದಳು ಪಿಸುದನಿಯಲ್ಲಿ. "ಮಾತು ವಾಪಸ್ ತಗೊಂಡ್ರು."

"ಇಲ್ಲ ಅಕ್ಕ, ನಾನು ಹೇಳ್ತಿರೋದು..."

"ನೀನು ಹೇಳ್ತಿಲ್ಲಮ್ಮ, ನಿನ್ನ ಕೈಲಿ ಹೇಳಿಸ್ತಿದಾರೆ. ನಿನ್ನ ಮುಖ ನೋಡ್ಕೋ ಹೋಗು, ಸುಣ್ಣ ಬಳಿದಂಗಾಗಿದೆ." ಅವಳು ಉಳಿದವರ ಕಡೆ ತಿರುಗಿದಳು. "ಅವತ್ತು ಆಡಿದ್ದು ಇಲ್ಲ ಅಂತಿದಾರೆ. ಇದಕ್ಕಿಂತ ಬಿಡಿಸಿ ಹೇಳ್ತಾರಾ ಯಾರಾದ್ರೂ? ಹೋಗು ಅನ್ನೋದೇ."

"ಹಂಗಲ್ಲಪ್ಪ," ಅಂದಳು ಮೂಲೆಯ ಒಬ್ಬಳು. "ಸಿಟ್ಟು ಬಂದಿದೆ ಅವರಿಗೆ. ಹೋದ ನವೆಂಬರಲ್ಲಿ ಇವರ ಹಬ್ಬಕ್ಕೆ ನಾವು ಬ್ಯಾಂಡು ಕರೆಸಲಿಲ್ಲ, ಬರೀ ಹೂವಿನ ಕಿರೀಟ ಇಟ್ಟು ಕಳಿಸಿದ್ವಿ. ಅದಕ್ಕೆ ನನಗೂ ನಿಮಗೂ ಸಂಬಂಧ ಇಲ್ಲ ಅಂತಿದಾರೆ."

"ಸಿಗರೇಟೂ ಕಡಿಮೆ ದರ್ಜೆದು."

"ನಾನು ಸುಳ್ಳು ಹೇಳಿದ್ದೆ," ಅಂದಳು ಪ್ಲಾಸಿದಾ, ಜೋರಾಗಿ. ಜೋರಾಗಿ ಅಂದುಕೊಂಡಳು. ಪಕ್ಕದಲ್ಲಿದ್ದವಳು ಅವಳ ಬೆನ್ನು ಸವರಿ, ಪಾಪ ಒಳಗೆ ಇಳಿದುಬಿಟ್ಟಿದಾರೆ, ಸುಮ್ನಿರು ಮಗಳೇ, ಬಿಸಿ ಏನಾದ್ರೂ ಕುಡಿ ಎಂದು ಹೇಳಿದಳು. ಅವಳ ನಾಚಿಕೆಗೆ ಕೂಡ ಅವರು ಜಾಗ ಕೊಡಲಿಲ್ಲ. ಬ್ಯಾಂಡು ಕರೆಸುವುದಾ, ಎಷ್ಟು ಜನರದು, ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಮತಗಟ್ಟೆಗೆ ಹೋಗುವುದಾ ಎಂದು ಮಾತಾಡಿಕೊಳ್ಳುತ್ತ ಒಬ್ಬೊಬ್ಬರಾಗಿ ಎದ್ದರು. ಹೋಗುವಾಗ ಒಬ್ಬೊಬ್ಬರೂ ದೋನ್ ಸಿಪ್ರಿಯಾನೊ ಅವರ ಟೋಪಿ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡರು. ಹೊರಗೆ ಹಿಮಬೆಟ್ಟದ ಮೇಲಿನ ಕೆಂಪು ಇನ್ನೂ ಆರಿರಲಿಲ್ಲ.

ಹುಸ್ತಾ ಎದ್ದಿರಲಿಲ್ಲ.

ಹನ್ನೊಂದು ಬತ್ತಿಗಳ ಬೆಳಕಿನಲ್ಲಿ ಅವಳ ಮುಖದ ಮೇಲೆ ಏನೂ ಇರಲಿಲ್ಲ, ಒಗೆದು ಹಿಂಡಿದ ಬಟ್ಟೆಯಷ್ಟು ಖಾಲಿ. "ಏನೂ ಕಾಣಲಿಲ್ವಾ ಅವತ್ತು?" ಅಂದಳು.

"ಇಲ್ಲ."

"ನಿದ್ದೆ ಬಂದಿತ್ತಾ?"

"ಬಂದಿತ್ತು. ಚೆನ್ನಾಗೇ ಬಂದಿತ್ತು."

ಹುಸ್ತಾ ತಲೆಯಾಡಿಸಿದಳು, ಅದೊಂದು ಮುಖ್ಯವಾದ ವಿಷಯವೆಂಬಂತೆ. "ಮತ್ಯಾಕೆ ಹೇಳಿದ್ದು?"

ಪ್ಲಾಸಿದಾ ದೊಡ್ಡದೊಂದು ಕಾರಣಕ್ಕಾಗಿ ಒಳಗೆಲ್ಲ ತಡಕಾಡಿದಳು. ಅವನ ನಗು, ನೀರು, ಓಣಿಯ ಒಗ್ಗಟ್ಟು. ಯಾವುದೂ ಅಲ್ಲ. "ಎಲ್ಲರೂ ಫಾಕುಂದಾಳ ಮನೆಗೆ ಹೋಗ್ತಾರೆ ಅಂತ," ಅಂದಳು.

"ಫಾಕುಂದಾಳ ಮನೆಗೆ," ಅಂದಳು ಹುಸ್ತಾ.

ಒಂದು ಬತ್ತಿ ಚಟಪಟ ಎಂದು ಕರಗಿ ಪಕ್ಕಕ್ಕೆ ವಾಲಿತು. ಹುಸ್ತಾ ಬೈಯುತ್ತಾಳೆ, ಮೇಲೆ ಬೀಳುತ್ತಾಳೆ, ಪೆಟ್ಟಿಗೆ ಒಡೆಯುತ್ತಾಳೆ ಎಂದು ಪ್ಲಾಸಿದಾ ಕಾದಳು. ಕಾಯುವುದರಲ್ಲಿ ಒಂದು 'ಸದ್ಯ' ಎನ್ನುವ ಭಾವವಿತ್ತು, ಕೊನೆಗೂ ಒಬ್ಬಳು ತನ್ನನ್ನು ನಂಬಿದಳಲ್ಲ ಎಂದು. ಹುಸ್ತಾ ಮಾಡಿದ್ದು ಬೇರೆ. ಎದ್ದು ಬೆನ್ನ ಮೇಲಿನ ಪಟ್ಟೆಪಟ್ಟೆಯ ಜೋಳಿಗೆ ಬಟ್ಟೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದಳು. ಸುಕ್ಕು ತೀಡಿದಳು. ಗಾಜಿನ ಬಾಗಿಲು ತೆಗೆದು, ಆರಿದ ಸಿಗರೇಟಿನ ತುಂಡನ್ನು ಹಲ್ಲಿನ ನಡುವಿನಿಂದ ಬಿಡಿಸಿ, ಎರಡೂ ಕೈಯಲ್ಲಿ ದೋನ್ ಸಿಪ್ರಿಯಾನೊ ಅವರನ್ನು ಎತ್ತಿಕೊಂಡಳು.

"ಇವರೇನೂ ಸುಳ್ಳು ಹೇಳಲಿಲ್ಲ ಹಾಗಾದ್ರೆ," ಅಂದಳು.

"ಇಲ್ಲ."

"ಎರಡೂವರೆ ವರ್ಷದಿಂದ ಜನ ಬಂದು ಬಂದು ಇವರನ್ನ ಕೇಳ್ತಿದಾರೆ. ಆಡದೇ ಇರೋ ಮಾತಿಗೆ ಇವರು ಉತ್ತರ ಕೊಡ್ಬೇಕು. ನಾನೂ ಬೈದಿದೀನಿ ಒಂದೊಂದು ಸೋಮವಾರ, ಮನಸ್ಸಲ್ಲೇ." ಅವಳು ಟೋಪಿಯ ಕಿವಿಗಳನ್ನು ಗದ್ದದ ಕೆಳಗೆ ಗಂಟು ಹಾಕಿದಳು, ಶಾಲೆಗೆ ಹೊರಟ ಮಗುವಿಗೆ ಹಾಕುವ ಹಾಗೆ. "ಇಂಥ ಮನೇಲಿ ಹೆಂಗಿದ್ರೋ. ನಮ್ಮನೇಲಿ ಇರ್ಲಿ ಇನ್ಮೇಲೆ."

ಅದು ಅಜ್ಜಿ ಬಿಟ್ಟುಹೋದ ಬುರುಡೆ, ನಾಲ್ಕು ಸಲ ಮನೆ ಬದಲಿಸಿದಾಗಲೂ ಮೊದಲು ಹೊಸಿಲು ದಾಟಿದವರು ಅವರು. ಕೊಡುವುದಿಲ್ಲ ಎನ್ನಲು ಪ್ಲಾಸಿದಾಳಿಗೆ ಹಕ್ಕಿತ್ತು. ಅವಳು ಬಾಗಿ, ಬಟ್ಟೆಯ ಒಂದು ತುದಿ ಮಡಿಸಿಕೊಂಡಿದ್ದನ್ನು ಬಿಡಿಸಿಕೊಟ್ಟಳು. ಹುಸ್ತಾ ಗಂಟನ್ನು ಬೆನ್ನಿಗೇರಿಸಿ, ಎದೆಯ ಮೇಲೆ ಎರಡು ಸುತ್ತು ಕಟ್ಟಿ, ಒಮ್ಮೆ ಸಣ್ಣಗೆ ಎಗರಿ ಭಾರ ಸರಿಮಾಡಿಕೊಂಡಳು. ಬಟ್ಟೆಯ ಮಡಿಕೆಯಿಂದ ಉಣ್ಣೆಯ ಟೋಪಿಯ ತುದಿ ಮಾತ್ರ ಅವಳ ಭುಜದ ಮೇಲೆ ಕಾಣುತ್ತಿತ್ತು.

"ಭಾನುವಾರ ನೀನು ಏನು ಹಾಕ್ತೀಯಾ ಕೊಮಾದ್ರೆ?" ಎಂದು ಕೇಳಿಬಿಟ್ಟಳು ಪ್ಲಾಸಿದಾ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

"ನಿಂಗ್ಯಾಕೆ ಅದು, ಪ್ಲಾಸಿದಾ," ಅಂದಳು ಹುಸ್ತಾ. ಹೆಸರು ಹಿಡಿದು ಕರೆದಳು. ಬಾಗಿಲು ಎಳೆದುಕೊಂಡು ಹೋದಳು.

ಎರಡು ಮನೆಗಳ ನಡುವೆ ಇದ್ದದ್ದು ಗಾರೆಯಿಲ್ಲದ ಒಂದೇ ಇಟ್ಟಿಗೆಯ ಗೋಡೆ. ಖಾಲಿ ಪೆಟ್ಟಿಗೆಯ ಮುಂದೆ ಕೂತಿದ್ದ ಪ್ಲಾಸಿದಾಳಿಗೆ ಮೊದಲು ಕುರ್ಚಿ ಎಳೆದ ಸದ್ದು ಕೇಳಿಸಿತು, ಆಮೇಲೆ ಕಡ್ಡಿ ಗೀರಿದ್ದು. ಆಮೇಲೆ ಹುಸ್ತಾಳ ದನಿ, ಪ್ರಾರ್ಥನೆಯದಲ್ಲ, ಅಡುಗೆ ಮನೆಯಿಂದ ಗಂಡನ ಜೊತೆ ಆಡುವ ದನಿ. "ನೋಡ್ರಿ, ನಿಮಗೆ ಜೊತೆಗೊಬ್ಬರನ್ನ ಕರ್ಕೊಂಡು ಬಂದಿದೀನಿ. ಇವರ ತಪ್ಪೇನಿಲ್ಲ, ಇವರು ಏನೂ ಅಂದಿರಲೇ ಇಲ್ವಂತೆ. ನಾನೇ ನಿಮ್ಮನ್ನ ಕಾಡಿ ಕಾಡಿ ಹಾಕ್ಸಿದೆ. ನೀವು ಹೇಳಿದ್ದೇ ಸರಿ ಇತ್ತು. ಸರಿ ಇತ್ತು ಕಣ್ರೀ." ಪ್ಲಾಸಿದಾ ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟಳು. ಇಟ್ಟಿಗೆ ಕೆನ್ನೆಗೆ ತಣ್ಣಗೆ ಕೊರೆಯಿತು. ಅಲ್ಲ, ನಾನು, ನಾನು ಹಾಕಿಸಿದ್ದು ಎಂದು ಕೂಗಿ ಹೇಳಬೇಕೆನ್ನಿಸಿತು, ಆದರೆ ಅದು ಗಂಡ ಹೆಂಡಿರ ಮಾತು, ನಡುವೆ ಬಾಯಿ ಹಾಕಲು ಅವಳು ಯಾರು. ಆಚೆ ಹುಸ್ತಾ ಸುಮ್ಮನಾದಳು. ಎದುರಿಗೆ ಕೂತವರು ಸಾವಕಾಶವಾಗಿ ಏನೋ ಹೇಳುತ್ತಿದ್ದರೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದಳು. ಪ್ಲಾಸಿದಾ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಇಡೀ ಮೈಯನ್ನು ಗೋಡೆಗೆ ಒತ್ತಿ ಕೇಳಿದಳು. ಏನೂ ಕೇಳಿಸಲಿಲ್ಲ.

ಆಚೆ ಹುಸ್ತಾ ನಕ್ಕಳು.